ಯಾವ ಕಾಡಿಗೆ ಅಟ್ಟುವುದು?



2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ಸೀಮೆಯ ದಬ್ಬಳ್ಳಿಕಟ್ಟೆಯಲ್ಲಿ ಸಾಕಾನೆ ಅರ್ಜುನ ತೀರಿಕೊಂಡ. 2012ರಿಂದ 2019ರ ತನಕ ಎಂಟು ದಸರೆಗಳಲ್ಲಿ ಚಿನ್ನದ ಅಂಬಾರಿ ಹೊತ್ತು ಮೈಸೂರಿನ ಬೀದಿಯಲ್ಲಿ ನಡೆದ ಅರ್ಜುನನನ್ನು ನಿಮ್ಮಲ್ಲಿ ಎಷ್ಟೋ ಜನ ಕಣ್ಣಾರೆ ನೋಡಿದ್ದೀರಿ. ಅಂದು ಅವನನ್ನು ಕರೆದೊಯ್ದಿದ್ದು ಕಾಡಾನೆ ಹಿಡಿಯುವ ಕಾರ್ಯಾಚರಣೆಗೆ. ಮದವೇರಿದ ಸಲಗವೊಂದು ನುಗ್ಗಿ ಬಂತು. ಜೊತೆಗಿದ್ದ ಸಾಕಾನೆಗಳು ಹಿಂದೆ ಸರಿದವು, ಅರ್ಜುನ ನಿಂತ. ಅರವತ್ತು ದಾಟಿದ ಮೈ, ಆದರೂ ನಿಂತ. ಅಲ್ಲೇ ಬಿದ್ದ. ಮಾವುತ ಅವನ ಮೇಲೆ ಬಿದ್ದು ಅತ್ತದ್ದನ್ನು ನಾಡಿಗೆ ನಾಡೇ ನೋಡಿ ಮರುಗಿತು.

ಅದೇ ಅರ್ಜುನ ಮನುಷ್ಯರ ಕೈಗೆ ಸಿಕ್ಕಿದ್ದು 1968ರಲ್ಲಿ, ಕಾಕನಕೋಟೆಯ ಖೆಡ್ಡಾದಲ್ಲಿ. ಆಗಿನ್ನೂ ಎಳೆಯ ಪ್ರಾಯ. ಕಬಿನಿ ಹೊಳೆಗೆ ಹಿಂಡುಗಳನ್ನು ಇಳಿಸಿ, ಸುತ್ತುಗಟ್ಟಿ, ದೊಡ್ಡಿಗೆ ತುಂಬುತ್ತಿದ್ದ ಆ ಪದ್ಧತಿ 1971ರಲ್ಲಿ ಕೊನೆಗೊಂಡಿತು. 1974ರಲ್ಲಿ ಕಬಿನಿ ಅಣೆಕಟ್ಟು ಮುಗಿಯಿತು. ಅರ್ಜುನ ತಾಯಿಯ ಜೊತೆ ತಿರುಗಾಡಿದ ಆ ತಗ್ಗಿನ ಕಾಡಿನ ಬಹುಪಾಲು ಇವತ್ತು ಹಿನ್ನೀರಿನ ಅಡಿಯಲ್ಲಿದೆ. ಅವನು ಸತ್ತ ಸೀಮೆಯ ಸುತ್ತಲೂ ಇರುವುದು ಕಾಫಿ ತೋಟಗಳು. ಹುಟ್ಟಿದ ಕಾಡು ನೀರಾಗಿ, ಸತ್ತ ಸೀಮೆ ತೋಟವಾಗಿ, ನಮ್ಮ ಆನೆಗಳ ಕಳೆದ ಐವತ್ತು ವರ್ಷದ ಕಥೆ ಈ ಒಂದು ಜೀವದಲ್ಲೇ ಅಡಕವಾಗಿದೆ.

ಅರ್ಜುನ ಸತ್ತಾಗ ನಾವು ಅವನಿಗಾಗಿ ಅತ್ತೆವು, ಅಳಲೇಬೇಕಿತ್ತು. ಆದರೆ ಎದುರು ಬಂದ ಸಲಗದ ಬಗ್ಗೆ ಯಾರೂ ಹೆಚ್ಚು ಕೇಳಲಿಲ್ಲ. ಅದು ಎಲ್ಲಿಯದು? ಅಲ್ಲಿಗೆ ಹೇಗೆ ಬಂತು? ಹಾಸನ, ಕೊಡಗು, ಚಿಕ್ಕಮಗಳೂರಿನ ಯಾವ ಊರಿನಲ್ಲಿ ಕೇಳಿದರೂ ಬರುವ ಮಾತು ಒಂದೇ: ಕಾಡಿನಿಂದ ಬಂದಿದೆ, ಕಾಡಿಗೆ ಅಟ್ಟಿ. ಪತ್ರಿಕೆಯ ತಲೆಬರಹಗಳಲ್ಲೂ, ಶಾಸಕರ ಭಾಷಣಗಳಲ್ಲೂ ಅದೇ ಮಾತು. ಇವತ್ತು ನಾನು ನಿಮ್ಮ ಮುಂದಿಡುವ ಪ್ರಶ್ನೆಯೂ ಅದರಿಂದಲೇ ಹುಟ್ಟಿದ್ದು. ಅಟ್ಟುವುದಾದರೆ ಯಾವ ಕಾಡಿಗೆ?

ಮೊದಲು ಲೆಕ್ಕ. ಭಾರತದಲ್ಲಿ ಅತಿ ಹೆಚ್ಚು ಕಾಡಾನೆಗಳಿರುವ ರಾಜ್ಯ ನಮ್ಮದು. 2023ರ ಗಣತಿಯ ಅಂದಾಜು 6,395. ಲದ್ದಿಯಿಂದ ಡಿಎನ್‌ಎ ತೆಗೆದು ಒಂದೊಂದು ಆನೆಯನ್ನೂ ಗುರುತಿಸುವ ಹೊಸ ವಿಧಾನದ ವರದಿ 2025ರಲ್ಲಿ ಬಂತು. ಅದರ ಪ್ರಕಾರ ದೇಶದಲ್ಲಿ 22,446, ಕರ್ನಾಟಕದಲ್ಲಿ 6,013. ವಿಧಾನ ಬೇರೆಯಾದ್ದರಿಂದ ಎರಡು ಅಂಕಿಗಳನ್ನು ಒಂದರಿಂದೊಂದು ಕಳೆದು ಆನೆ ಕಡಿಮೆಯಾಯಿತು ಅನ್ನುವಂತಿಲ್ಲ. ದೇಶದ ಕಾಲುಭಾಗಕ್ಕಿಂತ ಹೆಚ್ಚು ಆನೆಗಳು ನಮ್ಮ ನೆಲದಲ್ಲಿವೆ ಎಂಬಷ್ಟು ಮಾತ್ರ ನಿಶ್ಚಯ. ನನಗೆ ಇದು ಹೆಮ್ಮೆಯ ಸಂಗತಿ. ತೋಟದ ಕೂಲಿಕಾರರ ಲೈನುಮನೆಯಲ್ಲಿ ಕುಳಿತು ಈ ಮಾತು ಕೇಳುತ್ತಿರುವವರಿಗೆ ಅದು ಹಾಗೆ ಅನ್ನಿಸದಿದ್ದರೆ ಆಶ್ಚರ್ಯವಿಲ್ಲ. ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಬೆಳೆದ ಆನೆಯೊಂದಕ್ಕೆ ದಿನಕ್ಕೆ ಸುಮಾರು 150 ಕಿಲೋ ಮೇವು ಬೇಕು, ನೂರು ಲೀಟರಿಗೂ ಮೇಲೆ ನೀರು ಬೇಕು. ಒಂದೇ ಕಡೆ ನಿಂತರೆ ಯಾವ ಕಾಡೂ ಇದನ್ನು ಪೂರೈಸಲಾರದು. ಆದ್ದರಿಂದ ಹಿಂಡು ನಡೆಯುತ್ತದೆ, ವರ್ಷಕ್ಕೆ ಕೆಲವು ನೂರು ಚದರ ಕಿಲೋಮೀಟರ್ ನೆಲವನ್ನು ಬಳಸುತ್ತದೆ. ಈ ನಡಿಗೆಗೆ ಒಂದು ಕ್ರಮವಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ 1980ರ ದಶಕದಲ್ಲಿ ಚಾಮರಾಜನಗರ, ಬಿಳಿಗಿರಿರಂಗನ ಬೆಟ್ಟ, ಸತ್ಯಮಂಗಲದ ಕಾಡುಗಳಲ್ಲಿ ಆನೆಗಳ ಹಿಂದೆ ನಡೆದು ಅದನ್ನು ದಾಖಲಿಸಿದರು. ಬಿರುಬೇಸಿಗೆಯಲ್ಲಿ ಹಿಂಡುಗಳು ಹೊಳೆಸಾಲಿನ ಹಸಿರಿಗೆ ಇಳಿಯುತ್ತವೆ. ತೊಗಟೆ, ಸೊಪ್ಪು, ಬಿದಿರಿನ ಮೇಲೆ ಬದುಕುತ್ತವೆ. ರೇವತಿ, ಅಶ್ವಿನಿ, ಭರಣಿ ಮಳೆಗಳು ಬಿದ್ದು ನೆಲದಲ್ಲಿ ಹೊಸ ಹುಲ್ಲು ಚಿಗುರಿದರೆ ಕುರುಚಲು ಕಾಡಿಗೆ ಚದುರುತ್ತವೆ. ಎಳೆಹುಲ್ಲಿನಲ್ಲಿ ಪ್ರೋಟೀನ್ ಹೆಚ್ಚು. ಅದು ಬಲಿತು ಒರಟಾಗುತ್ತಿದ್ದಂತೆ ಮತ್ತೆ ಸೊಪ್ಪಿನ ಕಡೆಗೆ. ಯಾವ ತಿಂಗಳಲ್ಲಿ ಎಲ್ಲಿ ನೀರು, ಯಾವ ಕಣಿವೆ ದಾಟಿದರೆ ಎಲ್ಲಿ ಹುಲ್ಲು, ಇದೆಲ್ಲ ಹಿರಿಯ ಹೆಣ್ಣಾನೆಯ ನೆನಪಿನಲ್ಲಿರುತ್ತದೆ. ಮರಿಗಳು ಅವಳ ಹಿಂದೆ ನಡೆದೇ ಕಲಿಯುತ್ತವೆ.

ಈ ನೆನಪಿನ ದಾರಿಗಳ ಮೇಲೆ ನಾವು ಏನೇನು ಕಟ್ಟಿದೆವು ನೋಡಿ. ದಕ್ಷಿಣದಲ್ಲಿ ಕಬಿನಿ. ಕೊಡಗಿನ ಅಂಚಿನಲ್ಲಿ ಹಾರಂಗಿ. ಹಾಸನದ ಗೊರೂರಿನಲ್ಲಿ ಹೇಮಾವತಿ, ಅದು ಮುಗಿದದ್ದು 1979ರಲ್ಲಿ. ಅಣೆಕಟ್ಟುಗಳು ಬೇಕಿರಲಿಲ್ಲ ಎಂದು ನಾನು ಹೇಳುವುದಿಲ್ಲ. ಅವುಗಳ ನೀರಿನಿಂದ ಲಕ್ಷಾಂತರ ಜನರ ಗದ್ದೆ ಹಸಿರಾಗಿದೆ. ಆದರೆ ಹಿನ್ನೀರು ನಿಂತಲ್ಲಿ ಮುಳುಗಿದ್ದು ಬರಿಯ ಮರಗಳಲ್ಲ, ಹೊಳೆದಂಡೆಯ ಬೇಸಿಗೆ ಮೇವೂ ಮುಳುಗಿತು, ದಾಟುವ ಜಾಗಗಳೂ ಮುಳುಗಿದವು. ಮುಳುಗಡೆಯಾದ ಊರಿನವರಿಗೆ ಪುನರ್ವಸತಿಗೆಂದು ಕೊಟ್ಟ ಜಮೀನಿನಲ್ಲಿ ಎಷ್ಟೋ ಭಾಗ ಮೊದಲು ಕಾಡಾಗಿತ್ತು. ಕೊಡಗಿನ ಉತ್ತರದಿಂದ ಆಲೂರು, ಸಕಲೇಶಪುರದ ಕಡೆಗಿದ್ದ ಕಾಡು ಹೀಗೆ ತುಂಡುತುಂಡಾಯಿತು. ಆ ತುಂಡುಗಳ ನಡುವೆ ಸಿಕ್ಕಿಕೊಂಡ ಆನೆಗಳಿಗೆ ಹಿಂದಕ್ಕೆ ಹೋಗಲು ದಾರಿ ಉಳಿಯಲಿಲ್ಲ. ಇವತ್ತು ನಾವು ಹಾಸನದ ಆನೆ ಸಮಸ್ಯೆ ಅನ್ನುತ್ತೇವಲ್ಲ, ಅದರ ಬೇರು ಇಲ್ಲಿದೆ.

ಕಬಿನಿಯ ವಿಷಯದಲ್ಲಿ ಇನ್ನೊಂದು ಮಾತು ಸೇರಿಸಬೇಕು, ಇಲ್ಲದಿದ್ದರೆ ಅರ್ಧ ಸತ್ಯವಾದೀತು. ಮಾರ್ಚಿನಿಂದ ಮೇ ತನಕ ಹಿನ್ನೀರು ಇಳಿದಾಗ ಬಯಲಾಗುವ ಮೆಕ್ಕಲು ನೆಲದಲ್ಲಿ ಹುಲ್ಲು ಬೆಳೆಯುತ್ತದೆ. ನಾಗರಹೊಳೆ, ಬಂಡೀಪುರ, ವಯನಾಡಿನ ಕಡೆಯ ಹಿಂಡುಗಳು ನೂರಾರು ಸಂಖ್ಯೆಯಲ್ಲಿ ಅಲ್ಲಿ ಸೇರುತ್ತವೆ. ಪ್ರವಾಸಿಗರು ಜೀಪಿನಲ್ಲಿ ನಿಂತು ಬೆರಗಾಗುವ ನೋಟ ಅದು. ಆದರೆ ಅಷ್ಟೊಂದು ಆನೆಗಳು ಅಲ್ಲಿ ಒಟ್ಟಾಗುವುದಕ್ಕೆ ಕಾರಣ, ಸುತ್ತಲಿನ ಕಾಡಿನಲ್ಲಿ ಆ ಹೊತ್ತಿಗೆ ಮೇವೂ ನೀರೂ ಬತ್ತಿರುವುದು. ಮುಂಗಾರು ಹಿಡಿದು ಜಲಾಶಯ ತುಂಬಿದ ಮೇಲೆ ಆ ಹುಲ್ಲು ನೀರಿನಡಿಗೆ ಹೋಗುತ್ತದೆ. ಹಿಂಡುಗಳು ಚದುರಿ ತಮ್ಮ ತಮ್ಮ ಕಾಡಿಗೆ ಮರಳಬೇಕು.

ಮರಳುವ ಕಾಡು ಹೇಗಿದೆ ಎಂಬುದು ಮುಖ್ಯ ಪ್ರಶ್ನೆ. ರಸ್ತೆಯಿಂದ ನೋಡಿದರೆ ಹಸಿರಾಗಿಯೇ ಇದೆ. ನಕ್ಷೆಯಲ್ಲಿ ಬಂಡೀಪುರ ಬಂಡೀಪುರದಷ್ಟೇ ಇದೆ, ನಾಗರಹೊಳೆಯೂ ಕುಗ್ಗಿಲ್ಲ. ಒಳಗೆ ಇಳಿದು ನೋಡಬೇಕು. ನಾಗರಹೊಳೆಯ ದೊಡ್ಡ ದೊಡ್ಡ ಭಾಗಗಳು ಬ್ರಿಟಿಷರ ಕಾಲದಿಂದ ಬೆಳೆಸಿದ ತೇಗದ ನೆಡುತೋಪುಗಳು. ತೇಗದ ತೊಗಟೆಯನ್ನು ಆನೆ ಸುಲಿದು ತಿನ್ನುತ್ತದೆ, ನಿಜ, ಆದರೆ ಅದೊಂದನ್ನೇ ನಂಬಿ ಹಿಂಡು ಬದುಕಲಾರದು. ನಲವತ್ತು ಐವತ್ತು ವರ್ಷಕ್ಕೊಮ್ಮೆ ಹೂಬಿಟ್ಟು ಒಟ್ಟಿಗೇ ಸಾಯುವ ಬಿದಿರು 2010ರ ನಂತರದ ಕೆಲವು ವರ್ಷಗಳಲ್ಲಿ ಈ ಕಾಡುಗಳಲ್ಲಿ ಹೂಬಿಟ್ಟಿತು. ಬಿದಿರಕ್ಕಿ ಉದುರಿತು, ಮೆಳೆಗಳು ಒಣಗಿ ನೆಲಕ್ಕೊರಗಿದವು. ಬೇಸಿಗೆಯಲ್ಲಿ ಆನೆಗಳನ್ನು ಸಾಕುತ್ತಿದ್ದ ಮೇವು ಅದು. ಬಿದಿರು ಸಾಯುವುದು ಪ್ರಕೃತಿಯ ನಿಯಮವೇ, ಹಿಂದೆಯೂ ಸತ್ತಿದೆ, ಮತ್ತೆ ಬೀಜದಿಂದ ಎದ್ದಿದೆ. ಆದರೆ ಈ ಸಲ ಬಿದ್ದ ಬೀಜಕ್ಕೆ ಬೆಳಕು ಬೀಳುವ ಜಾಗವನ್ನು ಎಷ್ಟೋ ಕಡೆ ಲಂಟಾನ ಆಗಲೇ ಹಿಡಿದುಕೊಂಡಿತ್ತು.

ಲಂಟಾನದ ಬಗ್ಗೆ ಸ್ವಲ್ಪ ಹೊತ್ತು ಹೇಳುತ್ತೇನೆ, ಯಾಕೆಂದರೆ ನಮ್ಮ ಆನೆಗಳ ಬದುಕನ್ನು ಕೋವಿಗಿಂತ, ರೈಲಿಗಿಂತ ಹೆಚ್ಚಾಗಿ ಬದಲಿಸಿದ್ದು ಈ ಗಿಡ ಎಂದು ನಾನು ನಂಬಿದ್ದೇನೆ. ಅಮೆರಿಕ ಖಂಡದ ಈ ಹೂಗಿಡ ಹತ್ತೊಂಬತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಲಂಕಾರಕ್ಕೆಂದು ಬಂತು. ಅಲ್ಲಿಂದ ಬೇಲಿಗೆ, ಬೇಲಿಯಿಂದ ಕಾಡಿಗೆ. ಹಕ್ಕಿ ಅದರ ಹಣ್ಣು ತಿಂದು ಬೀಜ ಹರಡುತ್ತದೆ. ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ದನ ತಿನ್ನದು, ಜಿಂಕೆ ತಿನ್ನದು, ಆನೆಗೂ ಬೇಡ. ಹುಲಿ ನೆಲೆಗಳಿರುವ ಕಾಡುಗಳನ್ನು ದೇಶದಾದ್ಯಂತ ಪರಿಶೀಲಿಸಿದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು; ಅವುಗಳ ಶೇಕಡಾ 40ಕ್ಕೂ ಹೆಚ್ಚು ಭಾಗ ಲಂಟಾನದ ಹಿಡಿತದಲ್ಲಿದೆ ಎಂದು ಅದು ಅಂದಾಜು ಮಾಡಿದೆ. ಲಂಟಾನ ಹಬ್ಬಿದ ಕಡೆ ಅದರ ನೆರಳಿಗೆ ಹುಲ್ಲು ಸಾಯುತ್ತದೆ. ಮಳೆಗಾಲದಲ್ಲಿ ಆನೆ ಚದುರಿ ಹೋಗಿ ಮೇಯಬೇಕಾದ್ದು ಆ ಹುಲ್ಲನ್ನೇ. ಕಾಡಿದೆ, ಮಳೆಯೂ ಆಗಿದೆ, ಹುಲ್ಲು ಮಾತ್ರ ಇಲ್ಲ. ಈಚೆಗೆ ಇದರ ಜೊತೆಗೆ ಹಳದಿ ಹೂವಿನ ಸೆನ್ನಾ ಮರವೂ ವಯನಾಡು, ನಾಗರಹೊಳೆ, ಬಂಡೀಪುರದಲ್ಲಿ ಹರಡುತ್ತಿದೆ. ಅದೂ ಚೆಂದಕ್ಕೆಂದು ತಂದು ನೆಟ್ಟ ಮರವೇ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಈ ವಿಷಯದಲ್ಲಿ ಹೇಳುವುದನ್ನು ನಾವು ತುಂಬ ತಡವಾಗಿ ಕೇಳಿಸಿಕೊಂಡೆವು. ಚಳಿಗಾಲ ಮುಗಿಯುವ ಹೊತ್ತಿಗೆ, ನೆಲದಲ್ಲಿ ಇನ್ನೂ ತೇವವಿರುವಾಗಲೇ ಅವರು ತರಗೆಲೆಗೆ ಸಣ್ಣ ಬೆಂಕಿ ಹಚ್ಚುತ್ತಿದ್ದರು. ತರಗು ಬೆಂಕಿ. ಅದು ಮೊಣಕಾಲೆತ್ತರ ಏಳದೆ ನೆಲದ ಮೇಲೆ ಹರಿದು ಹೋಗುತ್ತಿತ್ತು, ಲಂಟಾನದ ಸಸಿಗಳು ಸುಡುತ್ತಿದ್ದವು, ಮೊದಲ ಮಳೆಗೆ ಹುಲ್ಲು ಏಳುತ್ತಿತ್ತು. 1974ರಲ್ಲಿ ಅಭಯಾರಣ್ಯ ಘೋಷಣೆಯಾಯಿತು, ಬೆಂಕಿ ಅಪರಾಧವಾಯಿತು, ಸೋಲಿಗರನ್ನು ಪೋಡು ಎಂಬ ಹಾಡಿಗಳಲ್ಲಿ ನೆಲೆ ನಿಲ್ಲಿಸಿದರು. ಆಮೇಲೆ ಲಂಟಾನ ಆಳೆತ್ತರ ಬೆಳೆದು ಒಳಗೆ ಕಾಲಿಡಲಾಗದಂತಾಯಿತು. ಈಗ ಬೆಂಕಿ ಬೀಳುವುದು ಮಾರ್ಚಿನ ಒಣಗಾಳಿಯಲ್ಲಿ, ಒಣಗಿದ ಲಂಟಾನದ ಮೆಳೆಯನ್ನೇ ಏಣಿ ಮಾಡಿಕೊಂಡು ಅದು ಮರದ ತುದಿಗೆ ಏರುತ್ತದೆ. 2019ರ ಫೆಬ್ರವರಿಯಲ್ಲಿ ಬಂಡೀಪುರದ ಗೋಪಾಲಸ್ವಾಮಿ ಬೆಟ್ಟದ ಸುತ್ತ ಉರಿದದ್ದನ್ನು ನೀವು ಟಿವಿಯಲ್ಲಿ ನೋಡಿದ್ದೀರಿ. ಬೆಂಕಿಯೇ ಲಂಟಾನವನ್ನು ಹೆಚ್ಚಿಸುತ್ತದೆ ಎನ್ನುವ ವಿಜ್ಞಾನಿಗಳೂ ಇದ್ದಾರೆ, ವಾದ ಮುಗಿದಿಲ್ಲ. ಆದರೆ ತಲೆತಲಾಂತರದಿಂದ ಆ ನೆಲವನ್ನು ನೋಡಿಕೊಂಡವರ ಮಾತಿನ ತೂಕ ದೊಡ್ಡದು. ಯಾವ ಬೆಂಕಿ, ಯಾವ ತಿಂಗಳಲ್ಲಿ, ಯಾರ ಕೈಯಲ್ಲಿ ಎಂದು ಅವರನ್ನು ಜೊತೆಗೆ ಕೂರಿಸಿಕೊಂಡೇ ತೀರ್ಮಾನಿಸಬೇಕು.

ಇನ್ನು ಬಿಸಿಲು. ಆನೆಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಮೂರು, ನಾಲ್ಕು ಟನ್ ತೂಕದ ಆ ಮೈಯ ಕಾವನ್ನು ಅದು ಇಳಿಸಿಕೊಳ್ಳುವುದು ಕಿವಿ ಬೀಸಿ, ಕಿವಿಯ ರಕ್ತನಾಳಗಳಲ್ಲಿ ಹರಿಯುವ ರಕ್ತವನ್ನು ತಣಿಸಿ, ಮೈಗೆ ಕೆಸರು ಬಳಿದುಕೊಂಡು, ನೆರಳಿನಲ್ಲಿ ನಿಂತು, ನೀರಿಗೆ ಇಳಿದು. ಬೇಸಿಗೆ ಮಳೆ ತಡವಾದರೆ, ಕೆರೆ ಬತ್ತಿದರೆ, ಅದಕ್ಕೆ ಮೊದಲು ಕಾಡುವುದು ಹಸಿವಲ್ಲ, ಕಾವು. 2016ರಲ್ಲಿ, ಮತ್ತೆ 2023ರಲ್ಲಿ ನಮ್ಮ ರಾಜ್ಯಕ್ಕೆ ಬರ ಬಂದಾಗ ಬಂಡೀಪುರ, ನಾಗರಹೊಳೆಗಳಲ್ಲಿ ಸೋಲಾರ್ ಪಂಪಿನಿಂದ ಕೊಳವೆಬಾವಿಯ ನೀರು ಎತ್ತಿ ಕೆರೆಗಳಿಗೆ ತುಂಬಿಸಬೇಕಾಯಿತು. ಅದು ಆ ಹೊತ್ತಿಗೆ ಜೀವ ಉಳಿಸುವ ಕೆಲಸ, ಬೇಡವೆನ್ನಲಾಗದು. ಆದರೆ ಕೊಳವೆಬಾವಿಯಿಂದ ನೀರು ಕೊಡಬಹುದು, ಮೇವು ಕೊಡಲಾಗದು. ನೀರು ತುಂಬಿದ ಕೆರೆಯ ಸುತ್ತ ಆನೆಗಳು ನಿಂತರೆ ಅಲ್ಲಿನ ಸೊಪ್ಪು ಬೇಗ ತೀರುತ್ತದೆ.

ಈಗ ಅದೇ ಬೇಸಿಗೆಯ ಏಪ್ರಿಲ್ ತಿಂಗಳಲ್ಲಿ ಕಾಡಿನಂಚು ದಾಟಿ ಕಾಫಿ ತೋಟಕ್ಕೆ ಬನ್ನಿ. ತಲೆಯ ಮೇಲೆ ದಟ್ಟ ನೆರಳು. ಸ್ಪ್ರಿಂಕ್ಲರ್ ಹಾಯಿಸಲು ತೋಡಿದ ಕೆರೆ, ಅದರಲ್ಲಿ ನೀರು. ಅಂಚಿನಲ್ಲಿ ಬಾಳೆ, ಬೈನೆ. ಜೂನ್ ಬಂದರೆ ಹಲಸು ಹಣ್ಣಾಗುತ್ತದೆ, ಅದರ ವಾಸನೆ ಆನೆಗೆ ಬಹುದೂರದಿಂದಲೇ ತಿಳಿಯುತ್ತದೆ. ನವೆಂಬರ್ ಹೊತ್ತಿಗೆ ತೋಟದ ತಗ್ಗಿನ ಗದ್ದೆಯಲ್ಲಿ ಭತ್ತ ಹಾಲುಗಟ್ಟುತ್ತದೆ. ಹಗಲು ತೋಟದ ಮೂಲೆಯಲ್ಲಿ ಸದ್ದಿಲ್ಲದೆ ನಿಂತು, ಕತ್ತಲಾದ ಮೇಲೆ ಗದ್ದೆಗೆ ಇಳಿದು, ಬೆಳಗಾಗುವ ಮೊದಲು ಮತ್ತೆ ನೆರಳಿಗೆ ಸೇರುವುದನ್ನು ಈ ಆನೆಗಳು ಕಲಿತುಬಿಟ್ಟಿವೆ. ಕಲಿತವು ಮರಿ ಹಾಕಿವೆ. ಆನೆಯ ಬಸಿರು ಹತ್ತಿರಹತ್ತಿರ 22 ತಿಂಗಳು. ಆ ಅಷ್ಟೂ ತಿಂಗಳು ತೋಟದಲ್ಲೇ ಇದ್ದು, ತೋಟದಲ್ಲೇ ಹೆತ್ತ ತಾಯಂದಿರಿದ್ದಾರೆ. ಅಂಥ ಮರಿಗೆ ರೋಬಸ್ಟಾ ಸಾಲೇ ಹುಟ್ಟೂರು. ಕಾಡಿನ ದಾರಿಯನ್ನು ಅದಕ್ಕೆ ಯಾರೂ ತೋರಿಸಿಲ್ಲ. ಅದನ್ನು ಪಟಾಕಿ ಸಿಡಿಸಿ ಕಾಡಿಗೆ ಅಟ್ಟುತ್ತೇವೆ ಎಂದರೆ, ಅದು ಓಡಿ ಹೋಗುವುದು ಪಕ್ಕದ ತೋಟಕ್ಕೆ. ಅಲ್ಲಿಯವರು ಮತ್ತೆ ಈಚೆಗೆ ಅಟ್ಟುತ್ತಾರೆ. ನಡುವೆ ಬೆದರಿದ ಆನೆಯ ಎದುರಿಗೆ ಯಾರಾದರೂ ಸಿಕ್ಕಿಬಿಡುತ್ತಾರೆ.

ಗಂಡಾನೆಗಳ ನಡತೆ ಇನ್ನಷ್ಟು ಬದಲಾಗಿದೆ. ಹತ್ತು, ಹದಿನೈದು ವರ್ಷಕ್ಕೆ ಗಂಡು ತಾಯಿಯ ಹಿಂಡು ಬಿಡುತ್ತದೆ, ಹೆಚ್ಚಾಗಿ ಒಂಟಿಯಾಗಿ ತಿರುಗುತ್ತದೆ. ಒಂಟಿ ಸಲಗ ಎಂಬ ಮಾತು ನಮ್ಮಲ್ಲಿ ಸುಮ್ಮನೆ ಹುಟ್ಟಿಲ್ಲ. ಬೆಳೆಗೆ ನುಗ್ಗುವುದರಲ್ಲಿ ಹೆಣ್ಣು ಹಿಂಡುಗಳಿಗಿಂತ ಗಂಡುಗಳೇ ಮುಂದು ಎಂದು ಸುಕುಮಾರ್ ಆಗಲೇ ತೋರಿಸಿದ್ದರು. ರಾಗಿಯಲ್ಲಿ, ಭತ್ತದಲ್ಲಿ ಕಾಡುಹುಲ್ಲಿಗಿಂತ ಪ್ರೋಟೀನೂ ಉಪ್ಪಿನಂಶವೂ ಹೆಚ್ಚು. ಮೈ ಬೆಳೆಸಿ ಮದಕ್ಕೆ ಬಂದರೆ ಗಂಡಿಗೆ ಸಂತಾನದ ಅವಕಾಶ ಹೆಚ್ಚು; ಆದ್ದರಿಂದ ಅಪಾಯ ಲೆಕ್ಕಿಸದೆ ಅದು ಇಳಿಯುತ್ತದೆ. 2019ರಲ್ಲಿ ನಿಶಾಂತ್ ಶ್ರೀನಿವಾಸಯ್ಯ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ಇನ್ನೊಂದು ಸಂಗತಿ ಹೊರಗೆಡವಿತು. ದಕ್ಷಿಣ ಭಾರತದ 248 ಗಂಡಾನೆಗಳನ್ನು ಛಾಯಾಚಿತ್ರಗಳಿಂದ ಗುರುತಿಸಿ ನೋಡಿದಾಗ, ಕಾಡು ಕಡಿಮೆಯಾಗಿ ಹೊಲ ಹೆಚ್ಚಾದ ಸೀಮೆಗಳಲ್ಲಿ ಎಳೆಯ ಗಂಡುಗಳು ಒಂಟಿಯಾಗಿ ಉಳಿಯದೆ ಗುಂಪು ಕಟ್ಟಿಕೊಂಡು ವರ್ಷಗಟ್ಟಲೆ ಒಟ್ಟಿಗೇ ಇರುವುದು ಕಂಡುಬಂತು. ಹಿರಿಯ ಗಂಡಿನಿಂದ ಕಿರಿಯವು ಊರಿನ ನಡುವೆ ಬದುಕುವುದನ್ನು ಕಲಿಯುತ್ತಿವೆ. ಸಾವಿರಾರು ವರ್ಷದ ಸ್ವಭಾವವನ್ನು ಒಂದೆರಡು ತಲೆಮಾರಿನಲ್ಲಿ ಬದಲಿಸಿಕೊಂಡಿದೆ ಈ ಪ್ರಾಣಿ. ಇಷ್ಟು ಬುದ್ಧಿಯಿರುವ ಜೀವದ ಮುಂದೆ ನಮ್ಮ ಬೇಲಿಗಳ ಪಾಡೇನು ಎಂಬುದನ್ನು ನೀವೇ ಊಹಿಸಬಹುದು.

ಬೇಲಿಗಳ ಕಥೆ ಬೇಗ ಹೇಳಿ ಮುಗಿಸುತ್ತೇನೆ. ಕಂದಕ ತೋಡಿದರೆ ಮಳೆಗಾಲದಲ್ಲಿ ಮಣ್ಣು ಕುಸಿಯುತ್ತದೆ, ಆನೆ ಕಾಲಿನಿಂದ ಅಂಚು ಜಾರಿಸಿ ಇಳಿಯುತ್ತದೆ. ಸೋಲಾರ್ ತಂತಿಯ ಮೇಲೆ ಮರ ಕೆಡವುತ್ತದೆ, ದಂತಕ್ಕೆ ವಿದ್ಯುತ್ ಹರಿಯದೆಂದು ಅರಿತು ದಂತದಿಂದಲೇ ತಂತಿ ಎಳೆಯುತ್ತದೆ. ಹಳೆಯ ರೈಲು ಹಳಿಗಳ ತಡೆಬೇಲಿ ಹೆಚ್ಚು ಗಟ್ಟಿ, ಕಿಲೋಮೀಟರಿಗೆ ಕೋಟಿ ರೂಪಾಯಿಗೂ ಮೇಲೆ ಖರ್ಚು. 2018ರ ಡಿಸೆಂಬರಿನಲ್ಲಿ ನಾಗರಹೊಳೆಯ ವೀರನಹೊಸಹಳ್ಳಿಯ ಬಳಿ ಒಂದು ಗಂಡಾನೆ ಆ ಹಳಿ ದಾಟಲು ಹೋಗಿ ಸಿಕ್ಕಿಕೊಂಡು ಸತ್ತಿತು. ಕಾಡು ಒಂದು ಕಡೆ, ಊರು ಇನ್ನೊಂದು ಕಡೆ ಎಂದು ಗೆರೆ ಸ್ಪಷ್ಟವಾಗಿರುವಲ್ಲಿ ಹಳಿಬೇಲಿ ಉಪಯುಕ್ತವೇ. ಹುಣಸೂರು, ಎಚ್.ಡಿ. ಕೋಟೆಯ ರೈತರು ಅದನ್ನು ಕೇಳುವುದು ನ್ಯಾಯ. ಆದರೆ ಆಲೂರು, ಬೇಲೂರು, ಸಕಲೇಶಪುರದಲ್ಲಿ ಆನೆ ಬೇಲಿಯ ಈಚೆಗೇ ಹುಟ್ಟಿ ಬೆಳೆದಿದೆ. ಅಲ್ಲಿ ಯಾವುದರ ಸುತ್ತ ಬೇಲಿ ಕಟ್ಟುವುದು? ಅಕ್ರಮವಾಗಿ ಬೇಲಿಗೆ ನೇರ ಕರೆಂಟು ಕೊಡುವವರೂ ಇದ್ದಾರೆ. ನಮ್ಮ ದೇಶದಲ್ಲಿ ಮನುಷ್ಯರ ದೆಸೆಯಿಂದ ಸಾಯುವ ಆನೆಗಳ ಸಾವಿಗೆ ಮೊದಲ ಕಾರಣ ವಿದ್ಯುತ್ತೇ. ಜೋತುಬಿದ್ದ ತಂತಿ, ಕಳ್ಳ ಸಂಪರ್ಕದ ಬೇಲಿ, ಎರಡನ್ನೂ ಸರಿಪಡಿಸುವುದಕ್ಕೆ ಹೊಸ ಸಂಶೋಧನೆ ಬೇಕಿಲ್ಲ.

ಹಿಡಿದು ಸಾಗಿಸಿಬಿಡಿ ಎನ್ನುವವರಿಗೂ ಉತ್ತರ ಹೇಳಬೇಕು. ಹೈಕೋರ್ಟಿನ ಆದೇಶದ ಮೇರೆಗೆ ಸುಕುಮಾರ್ ಅಧ್ಯಕ್ಷತೆಯಲ್ಲಿ ರಚನೆಯಾದ ಕರ್ನಾಟಕ ಆನೆ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟಿತು. ಆನೆಗೆ ಮೊದಲ ಹಕ್ಕಿರುವ ವಲಯ, ಆನೆ ಮನುಷ್ಯ ಇಬ್ಬರೂ ಹೊಂದಿಕೊಳ್ಳಬೇಕಾದ ವಲಯ, ಆನೆಯನ್ನು ತೆಗೆಯಲೇಬೇಕಾದ ವಲಯ ಎಂದು ಮೂರು ಭಾಗ ಮಾಡಿತು. ಆಲೂರು ಭಾಗವನ್ನು ಮೂರನೆಯದರಲ್ಲಿ ಸೇರಿಸಿತು. ಅದರಂತೆ 2014ರಲ್ಲಿ ಅಲ್ಲಿಂದ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದರು. ಆ ಜನರ ಸಂಕಟ ನೋಡಿದರೆ ಆ ತೀರ್ಮಾನವನ್ನು ನಾನು ತಪ್ಪೆನ್ನಲಾರೆ. ಆದರೆ ಸುತ್ತಲಿನ ಸೀಮೆಯಿಂದ ಬೇರೆ ಆನೆಗಳು ಆ ಜಾಗಕ್ಕೆ ಬಂದವು, ಹಾಸನದ ತೊಂದರೆ ನಿಲ್ಲಲಿಲ್ಲ. ಹಿಡಿದು ದೂರದ ಕಾಡಿಗೆ ಬಿಟ್ಟವುಗಳ ಪಾಡೇನು ಎಂಬುದನ್ನು ಶ್ರೀಲಂಕಾದಲ್ಲಿ ನೋಡಿದ್ದಾರೆ. ಅಲ್ಲಿ ಸ್ಥಳಾಂತರಿಸಿದ ಗಂಡಾನೆಗಳಿಗೆ ಜಿಪಿಎಸ್ ಕಾಲರ್ ಹಾಕಿ ಹಿಂಬಾಲಿಸಿದ ವರದಿ 2012ರಲ್ಲಿ ಬಂತು. ಕೆಲವು ನೇರವಾಗಿ ಹಳೆಯ ಜಾಗಕ್ಕೆ ನಡೆದವು, ಕೆಲವು ಊರೂರು ಅಲೆದವು, ಕೆಲವು ಹೊಸ ಕಡೆ ನಿಂತು ಅಲ್ಲಿಯ ಹೊಲಗಳಿಗೆ ಇಳಿದವು. ತೊಂದರೆ ಕಡಿಮೆಯಾಗುವ ಬದಲು ಹೊಸ ಊರುಗಳಿಗೆ ಹರಡಿತು. ಕೊಯಮತ್ತೂರಿನ ಚಿನ್ನತಂಬಿ ಎಂಬ ಗಂಡಾನೆ 2019ರಲ್ಲಿ, ಬಿಟ್ಟ ಕಾಡನ್ನು ತೊರೆದು ಬಹುದೂರ ನಡೆದು ಉಡುಮಲಪೇಟೆಯ ಕಬ್ಬಿನ ಗದ್ದೆಗೆ ಬಂದದ್ದು ನಿಮಗೆ ನೆನಪಿರಬಹುದು.

ಹಾಗಾದರೆ ಮಾಡಬೇಕಾದ್ದೇನು? ಕಾಡಿರುವ ಕಡೆ ಕಾಡನ್ನು ಒಳಗಿನಿಂದ ಸರಿಪಡಿಸುವುದು ಒಂದು ಕೆಲಸ. ಲಂಟಾನವನ್ನು ಬುಡಸಮೇತ ಕಿತ್ತು, ಮೂರ್ನಾಲ್ಕು ವರ್ಷ ಮರುಚಿಗುರನ್ನು ಕೀಳುತ್ತಲೇ ಇದ್ದು, ಹುಲ್ಲು ಹಿಡಿಯುವಂತೆ ಮಾಡುವುದು. ಇದು ಕೂಲಿಯ ಕೆಲಸ, ಕಾಡಂಚಿನ ಜೇನುಕುರುಬ, ಬೆಟ್ಟಕುರುಬ, ಸೋಲಿಗರಿಗೆ ವರ್ಷವಿಡೀ ಸಂಬಳ ಕೊಡಬಲ್ಲ ಕೆಲಸ. ಒಂದು ಕಿಲೋಮೀಟರ್ ಹಳಿಬೇಲಿಯ ದುಡ್ಡಿನಲ್ಲಿ ಎಷ್ಟು ಹೆಕ್ಟೇರ್ ಹುಲ್ಲುಗಾವಲು ಎದ್ದೀತು ಎಂದು ಬಜೆಟ್ ಬರೆಯುವವರು ಒಮ್ಮೆ ಲೆಕ್ಕ ಹಾಕಬೇಕು. ಉಳಿದಿರುವ ದಾರಿಗಳನ್ನು ಕಾಯುವುದು ಇನ್ನೊಂದು. ಕೊಳ್ಳೇಗಾಲದ ಎಡೆಯಾರಹಳ್ಳಿ–ದೊಡ್ಡಸಂಪಿಗೆಯಲ್ಲಿ ಸುಮಾರು 25 ಎಕರೆ ಜಮೀನನ್ನು ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ರೈತರಿಂದ ಕೊಂಡು ಅರಣ್ಯ ಇಲಾಖೆಗೆ ಒಪ್ಪಿಸಿತು. ಬಿಳಿಗಿರಿರಂಗನ ಬೆಟ್ಟಕ್ಕೂ ಮಲೆ ಮಹದೇಶ್ವರ ಬೆಟ್ಟದ ಕಡೆಯ ಕಾಡಿಗೂ ನಡುವಿನ ಆನೆದಾರಿ ಹೀಗೆ ಉಳಿಯಿತು. ಬರೀ 25 ಎಕರೆ! ಬಂಡೀಪುರದಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಹೆದ್ದಾರಿ ಸಂಚಾರ ನಿಲ್ಲಿಸಿದ್ದೂ ಇಂಥದೇ ಸರಳ ಕ್ರಮ. ಅದನ್ನು ತೆಗೆಸಲು ಮತ್ತೆ ಮತ್ತೆ ಒತ್ತಡ ಬರುತ್ತಿದೆ. ಬಿಟ್ಟುಕೊಡಬಾರದು.

ಆದರೆ ತೋಟದ ಆನೆಗಳ ನಡುವೆ ಬದುಕುತ್ತಿರುವವರು ಹುಲ್ಲು ಏಳುವ ತನಕ ಕಾಯಲಾರರು. ಆನೆಗೆ ಸಿಕ್ಕಿ ಸಾಯುವವರು ಯಾರು ನೋಡಿ. ನಸುಕಿನಲ್ಲಿ ತೋಟಕ್ಕೆ ನಡೆದು ಹೋಗುವ ಹೆಂಗಸರು, ಸಂಜೆ ಅಂಗಡಿಯಿಂದ ಸಾಮಾನು ಹಿಡಿದು ಲೈನಿಗೆ ಮರಳುವವರು, ಗದ್ದೆ ಕಾಯುವ ಮುದುಕರು, ಆನೆ ಓಡಿಸಲು ನಿಯೋಜಿಸಿದ ದಿನಗೂಲಿ ವಾಚರ್‌ಗಳು. ಜೀಪಿರುವ ಮಾಲೀಕರಿಗೆ ಬೆಳೆ ಹೋಗುತ್ತದೆ, ನಡೆದು ಹೋಗುವವರಿಗೆ ಜೀವ ಹೋಗುತ್ತದೆ. ಹೆಚ್ಚಿನ ಸಾವುಗಳು ಆಗುವುದು ಆನೆ ಅಲ್ಲಿದೆ ಎಂದು ಗೊತ್ತಿಲ್ಲದೆ ಹತ್ತಿರ ಹೋದಾಗ. ಆದ್ದರಿಂದ ಆನೆ ಎಲ್ಲಿದೆ ಎಂಬ ಸುದ್ದಿಯೇ ಇಲ್ಲಿ ಮೊದಲ ರಕ್ಷಣೆ. ತಮಿಳುನಾಡಿನ ವಾಲ್ಪಾರೈ ಚಹಾ ತೋಟಗಳಲ್ಲಿ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನವರು ಮೊಬೈಲ್ ಸಂದೇಶ, ಫೋನಿನಿಂದಲೇ ಹೊತ್ತಿಸಬಹುದಾದ ಕೆಂಪು ದೀಪಗಳ ಮೂಲಕ ಇದನ್ನು ಮಾಡಿ ತೋರಿಸಿದರು, ಅಲ್ಲಿ ಸಾವುಗಳು ಇಳಿದವು. ಅರಣ್ಯ ಇಲಾಖೆಯ ಜೊತೆ ಸೇರಿ ಹಾಸನದಲ್ಲೂ ಅದನ್ನು ತಂದರು. ಹೆಣ್ಣಾನೆಗಳಿಗೆ ಹಾಕಿದ ರೇಡಿಯೋ ಕಾಲರಿನಿಂದ, ಹಿಂಡಿನ ಹಿಂದೆ ನಡೆಯುವ ಸಿಬ್ಬಂದಿಯಿಂದ ಸುದ್ದಿ ಬರುತ್ತದೆ. ಅದು ಫೋನಿಗೆ, ರಸ್ತೆ ಬದಿಯ ಬೆಳಕಿನ ಫಲಕಕ್ಕೆ ಹೋಗುತ್ತದೆ. ಬೀಟಮ್ಮ, ಭುವನೇಶ್ವರಿ ಎಂದು ಜನರೇ ಹಿಂಡುಗಳನ್ನು ಹೆಸರಿನಿಂದ ಗುರುತಿಸುತ್ತಾರೆ. ಇವತ್ತು ಬೀಟಮ್ಮನ ತಂಡ ಯಾವ ತೋಟದಲ್ಲಿದೆ ಎಂದು ಕೇಳಿಕೊಂಡೇ ಕೆಲಸಕ್ಕೆ ಹೊರಡುತ್ತಾರೆ. ದೊಡ್ಡ ಕಾಡುಪ್ರಾಣಿಯ ಜೊತೆ ಬದುಕುವುದನ್ನು ಕಲಿತ ಜನ ಇವರು, ಇವರಿಂದ ಉಳಿದವರು ಕಲಿಯಬೇಕಾದ್ದು ಬಹಳವಿದೆ.

ಈ ವ್ಯವಸ್ಥೆಯಲ್ಲಿ ದೊಡ್ಡ ತೂತು ಒಂದಿದೆ. ಸಂದೇಶ ಹೋಗುವುದು ಹೆಸರು ನೋಂದಾಯಿಸಿದ ಫೋನಿಗೆ. ಸುಗ್ಗಿಯಲ್ಲಿ ಹಣ್ಣು ಕೊಯ್ಯಲು ಅಸ್ಸಾಮಿನಿಂದ, ಜಾರ್ಖಂಡಿನಿಂದ, ನಮ್ಮದೇ ಬಯಲುಸೀಮೆಯಿಂದ ಬರುವ ಕೆಲಸಗಾರರ ನಂಬರು ಆ ಪಟ್ಟಿಯಲ್ಲಿ ಇರುವುದಿಲ್ಲ. ಇದ್ದರೂ ಕನ್ನಡದ ಸಂದೇಶ ಓದಲು ಎಲ್ಲರಿಗೂ ಬರುವುದಿಲ್ಲ. ತೋಟದ ಮಾಲೀಕರು, ರೈಟರುಗಳು ಈ ಭಾಷಣ ಕೇಳುತ್ತಿದ್ದರೆ ಅವರಲ್ಲಿ ನನ್ನದೊಂದು ಬೇಡಿಕೆ. ಹಾಜರಿ ಪುಸ್ತಕಕ್ಕೆ ಹೆಸರು ಬರೆಯುವ ದಿನವೇ ಕೆಲಸಗಾರರ ಫೋನ್ ನಂಬರನ್ನು ಅರಣ್ಯ ಇಲಾಖೆಯ ಪಟ್ಟಿಗೂ ಸೇರಿಸಿ. ಓದಲು ಬಾರದವರಿಗೆ ಧ್ವನಿ ಕರೆ ಬರುವಂತೆ ಹೇಳಿ. ಆನೆ ಇದೆಯೆಂದು ತಿಳಿದ ದಿನ ಬೆಳಕು ಹರಿದ ಮೇಲೆ ಕೆಲಸ ಶುರುಮಾಡಿ, ಕೂಲಿ ಕಡಿಯಬೇಡಿ. ಲೈನಿನಿಂದ ತೋಟಕ್ಕೆ ಹೋಗುವ ಕಾಲುದಾರಿಯ ಎರಡೂ ಬದಿ ಪೊದೆ ಸವರಿಸಿ, ತಿರುವಿನಲ್ಲಿ ಒಂದು ದೀಪ ಹಾಕಿಸಿ. ಮನೆಯ ಸುತ್ತಲಿನ ಹಲಸನ್ನು ಎಳೆಯದಾಗಿರುವಾಗಲೇ ಇಳಿಸಿ. ಅಕ್ಕಿ, ಉಪ್ಪಿನ ಮೂಟೆಗಳನ್ನು ಗೋಡೆ ಬಿಗಿಯಿರುವ ಕೋಣೆಯಲ್ಲಿಡಿ. ಆನೆ ಕಂಡರೆ ಫೋಟೋಗೆಂದು ಹತ್ತಿರ ಹೋಗುವ ಹುಡುಗರನ್ನು ತಡೆಯಿರಿ, ಪಟಾಕಿ ಹಿಡಿದು ಹಿಂದೆ ಓಡುವವರನ್ನೂ ತಡೆಯಿರಿ. ಅಟ್ಟಿದ ಆನೆ ಪಕ್ಕದ ತೋಟದಲ್ಲಿ ಕೊಯ್ಲು ಮಾಡುತ್ತಿರುವವರ ಮೇಲೆ ಹೋಗುತ್ತದೆ. ನಿಂತಲ್ಲೇ ಬಿಟ್ಟರೆ ಕತ್ತಲಾದ ಮೇಲೆ ಅದು ತಾನಾಗಿಯೇ ಮುಂದಕ್ಕೆ ನಡೆಯುತ್ತದೆ. ಎತ್ತ ನಡೆಯಿತು ಎಂದು ತಿಳಿದ ಕೂಡಲೇ ಇಲಾಖೆಯ ನಿಯಂತ್ರಣ ಕೊಠಡಿಗೆ ಕರೆ ಮಾಡಿ. ಅರ್ಧ ಗಂಟೆಯೊಳಗೆ ಮುಂದಿನ ಊರಿನ ಫಲಕದಲ್ಲಿ ಆ ಸುದ್ದಿ ಬಂದಿರಬೇಕು.